ಕತೆ ನಿಂತಿತಾ? ಎರಡು ಪುಟ ಹಿಂದಕ್ಕೆ ಹೋಗಿ

"ಮೂರು ಪುಟ ಚೆನ್ನಾಗಿ ಬಂತು ಸಾರ್, ಆಮೇಲೆ ಕೈ ಓಡ್ತಾ ಇಲ್ಲ." ಕಥಾ ಕಮ್ಮಟಗಳಲ್ಲಿ ನಾನು ಅತಿ ಹೆಚ್ಚು ಕೇಳುವ ದೂರು ಇದು. ಮಡಿಕೇರಿಯಾಗಲಿ, ವಿರಾಜಪೇಟೆಯಾಗಲಿ, ಸೋಮವಾರಪೇಟೆಯಾಗಲಿ, ಮಾತು ಒಂದೇ. ಸ್ಫೂರ್ತಿ ಬತ್ತಿಹೋಯಿತು ಅಂತ ಅವರು ನಂಬಿರುತ್ತಾರೆ. ಕತೆ ಓದಿ ನೋಡಿದರೆ ಸ್ಫೂರ್ತಿಗೂ ಇದಕ್ಕೂ ಸಂಬಂಧವೇ ಇರುವುದಿಲ್ಲ. ತಮ್ಮ ಪಾತ್ರದ ಬಗ್ಗೆ ಒಂದು ಸಾಮಾನ್ಯ ಸಂಗತಿ ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ. ಮೂರನೇ ಪುಟದಲ್ಲಿ ನಿಂತ ಕತೆಯ ತೊಂದರೆ ಸಾಮಾನ್ಯವಾಗಿ ಮೊದಲನೇ ಪುಟದಲ್ಲೇ ಶುರುವಾಗಿರುತ್ತದೆ.

ನಮ್ಮ ಜಿಲ್ಲೆಯ ಹೊಸ ಕತೆಗಾರರ ಮೊದಲ ಪುಟದಲ್ಲಿ ಏನಿರುತ್ತದೆ ಅಂತ ಓದದೆಯೇ ಹೇಳಬಹುದು. ಮಂಜು, ಜಡಿಮಳೆ, ಕಾಫಿ ಹೂವಿನ ಪರಿಮಳ. ಒಮ್ಮೆ ಒಬ್ಬರು ಆಷಾಢದ ಮಳೆಯಲ್ಲಿ ಕಾಫಿ ಹೂ ಅರಳಿಸಿದ್ದರು. ಹುಟ್ಟಿ ಬೆಳೆದದ್ದು ತೋಟದ ಮನೆಯಲ್ಲೇ! ಬೇಸಿಗೆಯ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಹೂ ಬಿಡುತ್ತದೆ, ಕೆಲವೇ ದಿನಕ್ಕೆ ಬಾಡುತ್ತದೆ ಅನ್ನೋದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಪೆನ್ನು ಹಿಡಿದಾಗ ಕಂಡದ್ದು ಮರೆತು, ಎಲ್ಲೋ ಓದಿದ ಕೊಡಗು ನೆನಪಾಗುತ್ತದೆ. ಆ ಕೊಡಗಿನಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಕಿಟಕಿಯಲ್ಲಿ ನಿಂತು ಮಂಜು ನೋಡುತ್ತಾರೆ.

ಒಂದು ಕತೆಯನ್ನು ಹತ್ತಿರದಿಂದ ನೋಡೋಣ. ಹೆಸರು, ವಿವರ ಬದಲಿಸಿದ್ದೇನೆ. ನಾಯಕಿ ಕಾಫಿ ತೋಟದ ಕೂಲಿ ಹೆಂಗಸು, ಇರೋದು ಕೆಲಸಗಾರರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ. ಶುರು ಹೀಗಿತ್ತು: "ಸರಸು ಲೈನ್ ಮನೆಯ ಬಾಗಿಲಲ್ಲಿ ನಿಂತು ಮಂಜನ್ನೇ ನೋಡುತ್ತಿದ್ದಳು. ಅವಳ ಮನಸ್ಸಿನಲ್ಲೂ ಮಂಜು ಕವಿದಿತ್ತು." ಮೂರು ಪುಟವಾದರೂ ಸರಸು ಬಾಗಿಲು ಬಿಟ್ಟು ಕದಲಿರಲಿಲ್ಲ. ಬರೆದವರನ್ನು ಒಂದೇ ಪ್ರಶ್ನೆ ಕೇಳಿದೆ: ಸರಸುಗೆ ದಿನಗೂಲಿಯೋ, ಕೆಜಿ ಲೆಕ್ಕವೋ?

ಅವರು ಯೋಚಿಸಿರಲಿಲ್ಲ. ಕೊಯ್ಲಿನ ಕಾಲದಲ್ಲಿ ಎಷ್ಟೋ ತೋಟಗಳಲ್ಲಿ ಕೊಯ್ದ ಹಣ್ಣಿನ ತೂಕಕ್ಕೆ ಕೂಲಿ. ಸಂಜೆ ಚೀಲಗಳೆಲ್ಲ ತೂಕಕ್ಕೆ ಬರುತ್ತವೆ. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ಹಿಡಿದು ಕೂತಿರುತ್ತಾರೆ. ಚೀಲದ ತೂಕ ಅಂತ ಒಂದಿಷ್ಟು ಕಳೆಯುತ್ತಾರೆ. ಗಂಡ ಹೆಂಡತಿ ಒಂದೇ ಚೀಲಕ್ಕೆ ಕೊಯ್ದಿದ್ದರೆ? ಲೆಕ್ಕ ಯಾರ ಹೆಸರಿಗೆ? ಇಷ್ಟು ಮಾತಾಡುವಷ್ಟರಲ್ಲಿ ಅವರು ನೋಟ್‌ಬುಕ್ ತೆಗೆದಾಗಿತ್ತು. ಹೊಸ ಶುರು ಹೀಗೆ ಬಂತು: "ಚೀಲ ತಕ್ಕಡಿಗೆ ಏರಿತು. 'ಯಾರ ಹೆಸರು?' ರೈಟರ್ ತಲೆ ಎತ್ತದೆ ಕೇಳಿದರು. ಸರಸು ಬಾಯಿ ತೆರೆಯುವ ಮೊದಲೇ ಅವಳ ಗಂಡ ತನ್ನ ಹೆಸರು ಹೇಳಿದ."

ಇನ್ನು ಈ ಕತೆಯನ್ನು ನಿಲ್ಲಿಸೋದೇ ಕಷ್ಟ, ಅಲ್ವಾ? ಹಾಗಾಗಿ ಕೈ ನಿಂತಾಗ ಮುಂದೇನು ಅಂತ ತಲೆ ಕೆಡಿಸಿಕೊಳ್ಳಬೇಡಿ. ಎರಡು ಪುಟ ಹಿಂದೆ ಹೋಗಿ ವಿಚಾರಿಸಿ. ಈ ಮನುಷ್ಯನ ಕೈಗೆ ದುಡ್ಡು ಎಲ್ಲಿಂದ ಬರುತ್ತದೆ? ಯಾರಿಗೆ ಸಾಲ ಕೊಡಬೇಕು? ಮನೆಯಲ್ಲಿ ಯಾವ ಮಾತನ್ನು ಮುಚ್ಚಿಟ್ಟಿದ್ದಾನೆ? ಉತ್ತರ ಕತೆಯೊಳಗೆ ಬರಲೇಬೇಕು ಅಂತಿಲ್ಲ. ನಿಮಗೆ ಗೊತ್ತಿದ್ದರೆ ಸಾಕು.

ಉತ್ತರ ಹೊಳೆಯದಿದ್ದರೆ ಆ ಪಾತ್ರದ ಕೈಯಲ್ಲಿ ಒಂದು ಪತ್ರ ಬರೆಸಿ. ಸರಸು ತವರಿಗೆ ಬರೆಯಲಿ. ಅಕ್ಷರ ಬರದಿದ್ದರೆ ಪಕ್ಕದ ಮನೆ ಹುಡುಗಿಗೆ ಹೇಳಿ ಬರೆಸಲಿ. ಆ ಹುಡುಗಿ ಏನನ್ನು ಬಿಟ್ಟು ಬರೆದಳು ಅನ್ನೋದೇ ಇನ್ನೊಂದು ಕತೆ. ಪತ್ರ ನಮ್ಮ ನೆಲಕ್ಕೆ ಹೊಸದೇನಲ್ಲ. 1912ರಲ್ಲಿ ಹುಟ್ಟಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡ ಕತೆಗಾರ್ತಿ ಕೊಡಗಿನ ಗೌರಮ್ಮ ಕೆಲವು ಕತೆಗಳನ್ನು ಪತ್ರದ ರೂಪದಲ್ಲೇ ಹೇಳಿದವರು. ಎದುರಿಗೆ ಆಡಲಾಗದ ಮಾತನ್ನು ಹೆಂಗಸರು ಪತ್ರದಲ್ಲಿ ಆಡುತ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು.

ನಮ್ಮಲ್ಲಿ ಕತೆ ಸಿಕ್ಕಿಕೊಳ್ಳುವ ಇನ್ನೊಂದು ಜಾಗ ಸಂಭಾಷಣೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ತೋಟದಲ್ಲಿ ಮಲಯಾಳವೋ ತುಳುವೋ ಎರವ ಬುಡಕಟ್ಟಿನವರ ಮಾತೋ, ಬರೆಯೋದು ಮಾತ್ರ ಕನ್ನಡದಲ್ಲಿ. ಅಜ್ಜಿಯನ್ನು ಮಾತಾಡಿಸಲು ಹೋದರೆ ಅಜ್ಜಿ ಪಠ್ಯಪುಸ್ತಕದಂತೆ ಮಾತಾಡುತ್ತಾರೆ, ಬರೆಯುವವರಿಗೇ ಅದು ಸುಳ್ಳು ಅನಿಸಿ ಕೈ ನಿಲ್ಲುತ್ತದೆ. ಮೊದಲ ಕರಡಿನಲ್ಲಿ ಅಜ್ಜಿ ತನ್ನ ಭಾಷೆಯಲ್ಲೇ ಬೈಯಲಿ. ಕನ್ನಡಕ್ಕೆ ತರೋದು ಆಮೇಲಿನ ಕೆಲಸ. ತಂದಾಗ ಒಂದೆರಡು ಮಾತು ಹಾಗೇ ಉಳಿದರೆ ಓದುಗರಿಗೆ ಸಂದರ್ಭದಿಂದ ಅರ್ಥ ಆಗುತ್ತದೆ. ಅಡಿಟಿಪ್ಪಣಿ ಮಾತ್ರ ಬೇಡ.

2018ರ ಆಗಸ್ಟ್‌ನ ಕೊಡಗಿನ ಭೂಕುಸಿತದ ಬಗ್ಗೆ ಬರೆಯಲು ಹೊರಟು ನಿಂತವರೂ ಇದ್ದಾರೆ. ಇವರ ಕಷ್ಟ ಬೇರೆ. ಗೊತ್ತಿಲ್ಲದ್ದಕ್ಕೆ ನಿಂತವರಲ್ಲ, ಜಾಸ್ತಿ ಗೊತ್ತಿದ್ದಕ್ಕೆ ನಿಂತವರು. ಗುಡ್ಡ ಜಾರಿದ ಗಳಿಗೆಯಿಂದ ಶುರು ಮಾಡುತ್ತಾರೆ, ಆಮೇಲೆ ಏನು ಬರೆದರೂ ಸಣ್ಣದಾಗಿ ಕಾಣುತ್ತದೆ. ಅವರಿಗೆ ನಾನು ಹೇಳೋದು, ಗುಡ್ಡವನ್ನು ಬಿಡಿ. ಪರಿಹಾರ ಕೇಂದ್ರದ ಮೂರನೇ ವಾರವನ್ನು ಬರೆಯಿರಿ. ಒಂದೇ ಹಾಲ್‌ನಲ್ಲಿ ಮಲಗಿದ ಧಣಿ ಮತ್ತು ಅವರ ತೋಟದ ಆಳು ಊಟದ ಸಾಲಿನಲ್ಲಿ ಹಿಂದೆ ಮುಂದೆ ನಿಂತಾಗ ಏನು ಮಾತಾಡಿಕೊಂಡರು? ಅದೂ ಈಗ ಬೇಡ ಅನಿಸಿದರೆ ಬಿಡಿ, ಯಾವ ಅವಸರವೂ ಇಲ್ಲ.

ಬೆಳೆಯೋದು ಹೇಗೆ ಅಂತ ಕೇಳಿದರೆ ನನ್ನ ಉತ್ತರ ಚಿಕ್ಕದು. ಕೆಟ್ಟ ಕತೆಯನ್ನೂ ಮುಗಿಸಿ. ಅರ್ಧಕ್ಕೆ ಬಿಟ್ಟ ಹತ್ತು ಕತೆ ಕಲಿಸದ್ದನ್ನು ಮುಗಿಸಿದ ಒಂದು ಕತೆ ಕಲಿಸುತ್ತದೆ, ಯಾಕಂದರೆ ಕೊನೆ ಬರೆದಾಗಲೇ ಶುರು ಎಲ್ಲಿ ತಪ್ಪಿತು ಅಂತ ಕಾಣೋದು. ಮುಗಿದ ಮೇಲೆ ಜೋರಾಗಿ ಓದಿ. ಇನ್ನೊಬ್ಬರಿಗೆ ಕೊಟ್ಟು, "ಹೇಗಿದೆ?" ಅನ್ನಬೇಡಿ, "ಯಾವ ಪುಟದಲ್ಲಿ ಫೋನ್ ಕೈಗೆತ್ತಿಕೊಂಡಿರಿ?" ಅಂತ ಕೇಳಿ.

ಆ ಇನ್ನೊಬ್ಬರು ನೆಂಟರಾಗದಿದ್ದರೆ ಒಳ್ಳೆಯದು. ಇದು ಸಣ್ಣ ಜಿಲ್ಲೆ. ಮನೆಹೆಸರು ಹೇಳಿದರೆ ಸಾಕು, ಮೂರು ತಲೆಮಾರಿನ ಜಾತಕ ಹೊರಬರುತ್ತದೆ. "ದೊಡ್ಡಪ್ಪ ಓದಿದ್ರೆ ಏನು ಗತಿ?" ಅನ್ನೋ ಭಯಕ್ಕೇ ಎಷ್ಟೋ ಒಳ್ಳೆಯ ಕತೆಗಳು ನಿಂತಿವೆ. ಕರಡು ಮುಗಿಯುವ ತನಕ ದೊಡ್ಡಪ್ಪ ಹೇಗಿದ್ದಾರೋ ಹಾಗೇ ಬರೆಯಿರಿ, ಯಾರಿಗೂ ತೋರಿಸಬೇಡಿ. ಆಮೇಲೆ ಬದಲಿಸಿ. ಬರೀ ಹೆಸರು ಬದಲಿಸಿದರೆ ಪುತ್ತರಿ ಹಬ್ಬಕ್ಕೆ ಬಂದ ನೆಂಟರು ಗುರುತು ಹಿಡಿದೇ ಹಿಡಿಯುತ್ತಾರೆ. ಕೆಲಸ ಬದಲಿಸಿ, ಊರು ಬದಲಿಸಿ, ಆಸ್ತಿ ಜಗಳವನ್ನು ಅಣ್ಣತಮ್ಮಂದಿರಿಂದ ಅಕ್ಕತಂಗಿಯರಿಗೆ ದಾಟಿಸಿ. ದೊಡ್ಡಪ್ಪನನ್ನು ದೊಡ್ಡಮ್ಮನನ್ನಾಗಿ ಮಾಡಿದ ಒಬ್ಬರ ಕತೆ ಮೊದಲಿಗಿಂತ ಎಷ್ಟೋ ಚೆನ್ನಾಯಿತು. ದೊಡ್ಡಪ್ಪ ಓದಿ ಮೆಚ್ಚಿಕೊಂಡರಂತೆ.