ಏರ್ ಫಿಲ್ಟರ್ ಡಬ್ಬಕ್ಕೆ ತೂತು ಕೊರೆದರೆ ಪಿಕಪ್ ಜಾಸ್ತಿ ಆಗುತ್ತಾ?

ವಾರಕ್ಕೆ ಒಬ್ಬರಾದರೂ ಇದೇ ಪ್ರಶ್ನೆ ಇಟ್ಟುಕೊಂಡು ಗ್ಯಾರೇಜಿಗೆ ಬರುತ್ತಾರೆ. "ಅಣ್ಣಾ, ಫಿಲ್ಟರ್ ಡಬ್ಬ ತೆಗೆದು ಕೋನ್ ಫಿಲ್ಟರ್ ಹಾಕಿದ್ರೆ ಪಿಕಪ್ ಜಾಸ್ತಿ ಆಗುತ್ತಂತೆ, ಹಾಕಿಕೊಡ್ತೀರಾ?" ಕೈಯಲ್ಲಿ ಆನ್‌ಲೈನಲ್ಲಿ ತರಿಸಿದ ನಾನೂರು ರೂಪಾಯಿಯ, ಡಬ್ಬ ಇಲ್ಲದೆ ನೇರ ಕೂರಿಸುವ ಶಂಕುವಿನ ಆಕಾರದ ಫಿಲ್ಟರ್ ಇರುತ್ತದೆ. ಇನ್ನು ಕೆಲವರು ಮನೆಯಲ್ಲೇ ಡ್ರಿಲ್ ಹಿಡಿದು ಡಬ್ಬದ ಮುಚ್ಚಳಕ್ಕೆ ಹತ್ತು ಹದಿನೈದು ತೂತು ಕೊರೆದಿರುತ್ತಾರೆ, ಆಮೇಲೆ ಗಾಡಿ ಯಾಕೋ ಮಿಸ್ ಹೊಡೀತಿದೆ ಅಂತ ಬರುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ದಿನಾ ಓಡಿಸುವ ಗಾಡಿಗೆ ಇದು ಬೇಡ. ಆದರೆ ಸುಮ್ನೆ "ಬೇಡ" ಅಂದರೆ ಹುಡುಗರು ಪಕ್ಕದ ಅಂಗಡಿಗೆ ಹೋಗಿ ಹಾಕಿಸಿಕೊಳ್ಳುತ್ತಾರೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಜಾಸ್ತಿ ಗಾಳಿ ಒಳಗೆ ಹೋದರೆ ಜಾಸ್ತಿ ಪವರ್ ಅನ್ನುವ ಮಾತು ಸುಳ್ಳಲ್ಲ. ಲೆಕ್ಕ ಹಾಕಿ ನೋಡಿ. 150 ಸಿಸಿಯ ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆಯುತ್ತದೆ. 8,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 8,000 ಸುತ್ತು) ಅದು ನಿಮಿಷಕ್ಕೆ ಹೆಚ್ಚೆಂದರೆ 600 ಲೀಟರ್ ಆಗುತ್ತದೆ. ಇಷ್ಟು ಗಾಳಿಯನ್ನು ಸಲೀಸಾಗಿ ಬಿಡುವ ಹಾಗೆಯೇ ಕಂಪನಿಯವರು ಫಿಲ್ಟರ್ ಅಳತೆ ಮಾಡಿರುತ್ತಾರೆ. ಅದೂ ನೀವು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗಿನ ಮಾತು. ಊರೊಳಗೆ, ಸಿಗ್ನಲ್ಲಿಂದ ಸಿಗ್ನಲ್ಲಿಗೆ ಹೋಗುವಾಗ ಆಕ್ಸಿಲರೇಟರ್ ಕಾಲು ಭಾಗ ತೆರೆದರೆ ಹೆಚ್ಚು, ಅಲ್ವಾ? ಆಗ ಗಾಳಿಯನ್ನು ತಡೆದು ಹಿಡಿದಿರುವುದು ಫಿಲ್ಟರ್ ಅಲ್ಲ, ನೀವೇ, ನಿಮ್ಮ ಬಲಗೈ. ಬಚ್ಚಲಮನೆಯ ನಲ್ಲಿಯನ್ನು ಕಾಲು ಭಾಗ ತಿರುಗಿಸಿಟ್ಟು, ತಾರಸಿ ಮೇಲಿನ ಟ್ಯಾಂಕಿನ ಪೈಪ್ ದಪ್ಪ ಮಾಡಿಸಿದರೆ ಬಕೆಟ್ ಬೇಗ ತುಂಬುವುದಿಲ್ಲ.

ಹಾಗಾದರೆ "ಹಾಕಿದ ಮೇಲೆ ಗಾಡಿ ಹಾರುತ್ತಿದೆ" ಅನ್ನುವವರೆಲ್ಲ ಸುಳ್ಳು ಹೇಳುತ್ತಿದ್ದಾರಾ? ಖಂಡಿತ ಇಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನಿಸುತ್ತದೆ. ನಾನು ಇಷ್ಟು ವರ್ಷ ಗಮನಿಸಿದ್ದೇನೆಂದರೆ, ಹೆಚ್ಚಿನವರು ಹೊಸ ಕೋನ್ ಫಿಲ್ಟರನ್ನು ಹೋಲಿಸುವುದು ಎರಡು ವರ್ಷದಿಂದ ಬಿಚ್ಚಿಯೇ ನೋಡದ, ಮಣ್ಣು ಕಟ್ಟಿ ಕಪ್ಪಾದ ಹಳೇ ಪೇಪರ್ ಫಿಲ್ಟರ್ ಜೊತೆ. ಅದನ್ನು ಕಿತ್ತು ಏನೇ ಹಾಕಿದರೂ ಗಾಡಿ ಹಗುರಾಗುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಹೊಸ ಕಂಪನಿ ಫಿಲ್ಟರ್ ಹಾಕಿದ್ದರೂ ಅದೇ ಸುಖ ಸಿಗುತ್ತಿತ್ತು. ಇನ್ನೊಂದು ಸದ್ದು. ಡಬ್ಬ ತೆಗೆದ ತಕ್ಷಣ ಇಂಜಿನ್ ಗಾಳಿ ಎಳೆಯುವ "ಬೊರ್" ಸದ್ದು ನೇರ ಕಿವಿಗೆ ಬರುತ್ತದೆ, ಸದ್ದು ಜೋರಾದರೆ ವೇಗವೂ ಹೆಚ್ಚಿದೆ ಅಂತ ಮನಸ್ಸು ನಂಬಿಬಿಡುತ್ತದೆ.

ಮೂರನೆಯದು ನಮ್ಮ ಕಡೆಯ ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರ ಹತ್ತಿರ ಶೇಕಡಾ 10ರಷ್ಟು ಕಡಿಮೆ. ಮಂಗಳೂರಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಗಾಡಿ ಶಿರಾಡಿ ಘಾಟ್ ಹತ್ತಿ ಇಲ್ಲಿಗೆ ಬಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಅಂಥ ಗಾಡಿಯ ಡಬ್ಬದ ಮುಚ್ಚಳ ತೆಗೆದರೆ ಮಿಶ್ರಣ ತೆಳುವಾಗಿ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿ, ಮೊದಲ ದಿನ ಚುರುಕಾದ ಹಾಗೆ ಅನಿಸಬಹುದು. ಆದರೆ ಅದನ್ನು ಸರಿ ಮಾಡಬೇಕಾದ್ದು ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತಿನ ತುಂಡು) ಬದಲಿಸಿ, ಸ್ಕ್ರೂ ಹೊಂದಿಸಿ. ಡಬ್ಬ ಒಡೆದು ಅಲ್ಲ.

ಆ ಪ್ಲಾಸ್ಟಿಕ್ ಡಬ್ಬ ಬರೀ ಫಿಲ್ಟರಿನ ಮನೆ ಅಂತ ತಿಳಿದುಕೊಂಡಿರುವುದೇ ದೊಡ್ಡ ತಪ್ಪು. ಇಂಜಿನ್ ಗಾಳಿಯನ್ನು ಒಂದೇ ಸಮ ಎಳೆಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. ಪ್ರತಿ ಗುಟುಕಿಗೂ ಪಕ್ಕದಲ್ಲೇ ಅಲುಗಾಡದ ಗಾಳಿ ಸಿಗಲಿ ಅಂತ ಆ ಡಬ್ಬ. ಅದರ ಅಳತೆ, ಮೂತಿಯ ಉದ್ದ ಎಲ್ಲಾ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ವ್ಯಾಕ್ಯೂಮ್ ಕಾರ್ಬೊರೇಟರ್ ಇರುವ ಗಾಡಿಯಲ್ಲಿ ಡಬ್ಬ ತೆಗೆದರೆ, ಗಾಳಿಯ ಎಳೆತಕ್ಕೆ ತಕ್ಕಂತೆ ಏಳುವ ಸ್ಲೈಡ್ ಅನ್ನುವ ಒಳಭಾಗ ಮೇಲೇಳುವುದೇ ಹದ ತಪ್ಪುತ್ತದೆ, ಮಧ್ಯದ ಆರ್‌ಪಿಎಂನಲ್ಲಿ ಗಾಡಿ ತಡವರಿಸುತ್ತದೆ. ಡಬ್ಬಕ್ಕೆ ಇಂಜಿನ್ನಿಂದ ಬರುವ ಬ್ರೀದರ್ ಪೈಪ್ ಒಂದು ಇರುತ್ತದೆ. ಅದನ್ನು ಬಹಳ ಜನ ಹಾಗೇ ನೇತಾಡಲು ಬಿಡುತ್ತಾರೆ. ಅದರಿಂದ ಎಣ್ಣೆ ಆವಿ ಕಾಲ ಬಳಿ ಸುರಿಯುತ್ತದೆ, ಧೂಳೂ ಒಳಗೆ ಹೋಗಬಹುದು. ಜೊತೆಗೆ ಬಿಸಿ. ಗಾಳಿ 3 ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 1ರಷ್ಟು ತೆಳುವಾಗುತ್ತದೆ. ಕೋನ್ ಫಿಲ್ಟರ್ ಕೂರುವುದು ಇಂಜಿನ್ನಿನ ಬೆನ್ನಿಗೇ. ಟ್ರಾಫಿಕ್ಕಿನಲ್ಲಿ ನಿಂತಾಗ ಅಲ್ಲಿಯ ಗಾಳಿ ಎಷ್ಟು ಬಿಸಿ ಇರುತ್ತದೆ ಅಂತ ನಿಮ್ಮ ಮೊಣಕಾಲಿಗೇ ಗೊತ್ತು.

ಇನ್ನು ಪೆಟ್ರೋಲ್. 1 ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬೊರೇಟರಿಗೆ ನೀವು ಗಾಳಿ ಜಾಸ್ತಿ ಮಾಡಿದ್ದು ಗೊತ್ತಾಗಿ ತಾನೇ ಜೆಟ್ ದೊಡ್ಡದು ಮಾಡಿಕೊಳ್ಳುವ ಬುದ್ಧಿ ಇಲ್ಲ. ಮಿಶ್ರಣ ತೆಳುವಾಗುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಇಂಜಿನ್ ಕಾಯುತ್ತದೆ. ಯಮಹಾ ಆರ್‌ಎಕ್ಸ್ 100 ಥರದ ಟೂ ಸ್ಟ್ರೋಕ್ ಗಾಡಿಗಳಿಗಂತೂ ಇದು ಬಹಳ ಅಪಾಯ. ಡಬ್ಬ ತೆಗೆದು, ಜೆಟ್ ಮುಟ್ಟದೆ, ಹೈವೇಯಲ್ಲಿ ಅರ್ಧ ಗಂಟೆ ಒಂದೇ ಸಮ ಎಳೆದರೆ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಲಾಕ್ ಆಗಬಹುದು. 1996ಕ್ಕೇ ತಯಾರಿಕೆ ನಿಂತ ಗಾಡಿ ಅದು. ಒಳ್ಳೆಯ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಹುಡುಕುವ ಕಷ್ಟ ನನಗೆ ಗೊತ್ತು, ಅದಕ್ಕೇ ಅಂಥ ಗಾಡಿ ತಂದವರ ಕೈ ಹಿಡಿದು ಕೇಳಿಕೊಳ್ಳುತ್ತೇನೆ, ದಯವಿಟ್ಟು ಇದನ್ನು ಮಾಡಬೇಡಿ ಅಂತ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ನಿಯಮ) ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಇದೆ. ಅಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪೆಟ್ರೋಲನ್ನು ಒಂದು ಮಿತಿಯೊಳಗೆ ಸರಿ ಮಾಡುತ್ತದೆ. ಮಿತಿ ದಾಟಿದರೆ ಚೆಕ್ ಇಂಜಿನ್ ದೀಪ ಹತ್ತುತ್ತದೆ. ಅಗ್ಗಕ್ಕೆ ಸಿಗುವ "ಪರ್ಫಾರ್ಮೆನ್ಸ್ ಚಿಪ್" ಬಿಚ್ಚಿದರೆ ಹೆಚ್ಚಿನ ಸಲ ಒಳಗೆ ಸಿಗುವುದು ಒಂದು ಚಿಕ್ಕ ರೆಸಿಸ್ಟರ್. ಗಾಳಿ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳಿ ಪೆಟ್ರೋಲ್ ಜಾಸ್ತಿ ಬಿಡಿಸುವುದಷ್ಟೇ ಅದರ ಕೆಲಸ. ಸಾಮಾನ್ಯ ಓಡಾಟದಲ್ಲಿ ಸೆನ್ಸರ್ ಆ ಸುಳ್ಳನ್ನು ಹಿಡಿದು ಮತ್ತೆ ಪೆಟ್ರೋಲ್ ಕಡಿಮೆ ಮಾಡುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಧೂಳು. ಹೋದ ವರ್ಷ ಒಬ್ಬ ಹುಡುಗ 150 ಸಿಸಿ ಬೈಕ್ ತಳ್ಳಿಕೊಂಡು ಬಂದ. ಸೈಲೆನ್ಸರಿನಿಂದ ನೀಲಿ ಹೊಗೆ. ಡಿಗ್ರಿ ಮುಗಿಸಿ ಜಲ್ಲಿ ಕ್ರಷರ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ, ದಿನಾ ಮಣ್ಣು ರಸ್ತೆ. ಎಂಟು ತಿಂಗಳ ಹಿಂದೆ ಅಗ್ಗದ ಕೋನ್ ಫಿಲ್ಟರ್ ಹಾಕಿಸಿದ್ದ. ಬ್ಲಾಕ್ ಬಿಚ್ಚಿ ಬೆರಳಾಡಿಸಿದರೆ ಉದ್ದಕ್ಕೂ ಗೀರು. ಕಲ್ಲುಪುಡಿ ಬ್ಲಾಕಿನ ಕಬ್ಬಿಣಕ್ಕಿಂತ ಗಟ್ಟಿ, ಪಿಸ್ಟನ್ ರಿಂಗಿನ ಸಂದಿಗೆ ಹೋದರೆ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸುವ ಹೊತ್ತಿಗೆ ಅವನ ಅರ್ಧ ತಿಂಗಳ ಸಂಬಳ ಹೋಯಿತು. ಬಿಲ್ ಬರೆಯುವಾಗ ನನಗೇ ಹೊಟ್ಟೆ ಚುರುಕ್ ಅಂದಿತು. ನೀವೂ ಈಗಾಗಲೇ ಇಂಥ ಫಿಲ್ಟರ್ ಹಾಕಿಸಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಫಿಲ್ಟರ್ ಬಿಚ್ಚಿ, ಅದರ ಹಿಂದಿನ ರಬ್ಬರ್ ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕಂದು ಪುಡಿ ಹತ್ತಿದರೆ ಧೂಳು ಫಿಲ್ಟರ್ ದಾಟಿ ಒಳಗೆ ಹೋಗುತ್ತಿದೆ ಅಂತ ಅರ್ಥ.

ಆ ನಾನೂರು ರೂಪಾಯಿಯನ್ನು ಬೇರೆ ಕಡೆ ಹಾಕಿ ಅನ್ನುತ್ತೇನೆ. ಹೊಸ ಕಂಪನಿ ಫಿಲ್ಟರ್ ಹಾಕಿಸಿ, ಧೂಳಿನ ರಸ್ತೆಯಾದರೆ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಿಸಿ. ಡಬ್ಬ ಮತ್ತು ಕಾರ್ಬೊರೇಟರ್ ನಡುವಿನ ರಬ್ಬರ್ ಸೀಳು ಬಿಟ್ಟಿದೆಯಾ, ಕ್ಲಿಪ್ ಸಡಿಲವಾಗಿದೆಯಾ ನೋಡಿ. ಹಳೇ ಗಾಡಿಗಳಲ್ಲಿ ನಾನು ಕಂಡ ಅರ್ಧ ತೊಂದರೆ ಅಲ್ಲೇ. ಚೈನ್ ಬಿಗಿ, ಟೈರ್ ಗಾಳಿ ಸರಿ ಮಾಡಿಕೊಳ್ಳಿ. ರೇಸಿಗೆ ಅಂತಲೇ ಕಟ್ಟುವ ಗಾಡಿಯಾದರೆ ಬೇರೆ ಮಾತು, ಅಲ್ಲಿ ಫಿಲ್ಟರ್, ಸೈಲೆನ್ಸರ್, ಜೆಟ್ ಅಥವಾ ಮ್ಯಾಪ್ (ಇಸಿಯುವಿನ ಪೆಟ್ರೋಲ್ ಲೆಕ್ಕ) ಎಲ್ಲವನ್ನೂ ಒಟ್ಟಿಗೆ ಬದಲಿಸಿ ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಅಳೆಯುತ್ತಾರೆ. ಅದು ಅಗ್ಗದ ಕೆಲಸವಲ್ಲ.

ಇಷ್ಟು ಹೇಳಿದರೂ ನಂಬದವರಿಗೆ ಒಂದು ದಾರಿ ಇದೆ. ಖಾಲಿ ನೇರ ರಸ್ತೆ, ಬೆಳಗಿನ ಹೊತ್ತು, ಹಿಂದೆ ಕೂತ ಗೆಳೆಯನ ಕೈಯಲ್ಲಿ ಸ್ಟಾಪ್‌ವಾಚ್. ನಾಲ್ಕನೇ ಗೇರಿನಲ್ಲಿ 40ರಿಂದ 70ಕ್ಕೆ ಎಷ್ಟು ಸೆಕೆಂಡ್ ಅಂತ ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ ಬರೆದುಕೊಳ್ಳಿ. ಮೊದಲು ಹೊಸ ಕಂಪನಿ ಫಿಲ್ಟರ್, ಆಮೇಲೆ ಕೋನ್. ನಮ್ಮ ಗ್ಯಾರೇಜಿಗೆ ಬರುವ ಕಾಲೇಜು ಹುಡುಗರಿಬ್ಬರು ಪಟ್ಟು ಹಿಡಿದು ಇದನ್ನು ಮಾಡಿದರು. ಕೋನ್ ಹಾಕಿದಾಗ ಕಡಿಮೆಯಾಗುವ ಬದಲು ಸ್ವಲ್ಪ ಜಾಸ್ತಿಯೇ ಹೊತ್ತು ಹಿಡಿಯಿತು. ಮಾರನೇ ದಿನ ಇಬ್ಬರೂ ಬಂದು, ಬೆಂಚಿನ ಕೆಳಗೆ ನಾನು ಎತ್ತಿಟ್ಟಿದ್ದ ಹಳೇ ಡಬ್ಬ ಕೇಳಿ ತಗೊಂಡರು.