‘ಎಷ್ಟು ಆಂಪ್ಸ್ ಹಾಕೋಣ ಸಾರ್?’

ಹೊಸ ಮನೆಗೆ ಕರೆಂಟ್ ತೆಗೆದುಕೊಳ್ಳುವವರು ನನ್ನನ್ನು ಮೊದಲು ಕೇಳುವುದು ಇದನ್ನೇ. ಲೆಕ್ಕ ಸುಲಭ. ಸಿಂಗಲ್ ಫೇಸ್‌ನಲ್ಲಿ 5 ಕಿಲೋವ್ಯಾಟ್ ಮಂಜೂರಾಗಿದ್ದರೆ 230 ವೋಲ್ಟ್‌ಗೆ ಸುಮಾರು 22 ಆಂಪ್ಸ್. ಸರ್ವಿಸ್ ವೈರ್ ತಾಳುವಂತಿದ್ದರೆ 25 ಅಥವಾ 32ರ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಸಾಕು. ಆದರೆ ಅದು ಕಾಯುವುದು ವೈರನ್ನು ಮಾತ್ರ. ‘ಎಂಸಿಬಿ ಇದೆಯಲ್ಲ’ ಎಂಬ ಧೈರ್ಯದಲ್ಲಿ ಉಳಿದದ್ದನ್ನೆಲ್ಲ ಬಿಟ್ಟುಬಿಡುತ್ತಾರೆ.

ಗೀಸರ್‌ನೊಳಗೆ ಫೇಸ್ ವೈರ್ ಅದರ ಲೋಹದ ಬಾಡಿಗೆ ತಾಗಿತು ಎನ್ನಿ. ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಅಂಗಳದ ಗುಂಡಿಯೇ ಅರ್ಥಿಂಗ್. ಕರೆಂಟು ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರ್ ಸೇರಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿ, ಎರಡೂ ಕಡೆಯ ಅರ್ಥಿಂಗ್ ಸೇರಿ 20 ಓಮ್ಸ್ ಆಯಿತೆಂದರೆ ಹರಿಯುವುದು 11.5 ಆಂಪ್ಸ್. 16 ಆಂಪ್ಸ್ ಎಂಸಿಬಿ ಜಗ್ಗುವುದೇ ಇಲ್ಲ! ಗೀಸರ್ ಬಾಡಿ, ಅದರ ಜೊತೆ ನಲ್ಲಿಯೂ ಕರೆಂಟ್ ಹೊತ್ತು ಕೂತಿರುತ್ತವೆ. ಇಲ್ಲಿ ಜೀವ ಉಳಿಸುವುದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದಷ್ಟೇ ಅದು ನೋಡುತ್ತದೆ. 30 ಮಿಲಿ ಆಂಪ್ಸ್ ಕಮ್ಮಿಯಾದರೆ ಬಿಡಿಸುತ್ತದೆ. ಓವರ್‌ಲೋಡ್ ಆದರೆ ಮಾತ್ರ ಅದಕ್ಕೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಎರಡೂ ಬೇಕು. 32ರ ಎಂಸಿಬಿ ಜೊತೆ 40 ಆಂಪ್ಸ್‌ನ ಆರ್‌ಸಿಸಿಬಿ ಹಾಕಿ. ದೊಡ್ಡ ಮನೆಯಾದರೆ ಮೇನ್‌ನಲ್ಲಿ ತುಸು ತಡೆದು ಬೀಳುವ ‘ಎಸ್’ ಟೈಪಿನ 100 ಮಿಲಿ ಆಂಪ್ಸ್‌ನದು, ಪ್ಲಗ್ ಪಾಯಿಂಟ್ ಮತ್ತು ಬಚ್ಚಲಿಗೆ 30ರದು ಇಟ್ಟರೆ ಒಂದು ಕಡೆಯ ಲೀಕೇಜ್‌ಗೆ ಮನೆಯೆಲ್ಲ ಕತ್ತಲಾಗುವುದು ತಪ್ಪುತ್ತದೆ.

ಟಿವಿ, ಫ್ರಿಜ್ ಸುಡುವ ಕತೆ ಬೇರೆ. ಬೀದಿಯ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಲೋಡ್ ಕಡಿಮೆಯಿರುವ ಫೇಸ್‌ನ ಮನೆಗಳಿಗೆ 300 ವೋಲ್ಟ್ ದಾಟಿ ನುಗ್ಗುತ್ತದೆ. ಇದನ್ನು ಎಂಸಿಬಿಯೂ ತಡೆಯದು, ಆರ್‌ಸಿಸಿಬಿಯೂ ತಡೆಯದು. ಸಿಡಿಲಿಗೆಂದು ಹಾಕಿಸಿದ ಸರ್ಜ್ ಪ್ರೊಟೆಕ್ಟರ್ ಕ್ಷಣಮಾತ್ರದ ಏಟಿಗೆ ಇರುವುದು, ನಿಂತು ಬರುವ ಹೈ ವೋಲ್ಟೇಜ್‌ಗೆ ತಾನೇ ಸುಟ್ಟುಹೋಗುತ್ತದೆ. ಇದಕ್ಕೆ ವೋಲ್ಟೇಜ್ ನೋಡಿ ಕಟ್ ಮಾಡುವ ರಿಲೇಯೇ ಆಗಬೇಕು. ಒಂದು ಟಿವಿ ಬೋರ್ಡಿನ ರಿಪೇರಿ ಖರ್ಚಿಗೆ ಹೋಲಿಸಿದರೆ ದುಬಾರಿಯಲ್ಲ.

ಎಂಸಿಬಿ ಮೇಲಿನ ಅಕ್ಷರವನ್ನೂ ನೋಡಿ. ‘ಸಿ 16’ ಎಂದಿದ್ದರೆ 80ರಿಂದ 160 ಆಂಪ್ಸ್ ನಡುವೆ ಎಲ್ಲೋ ತಕ್ಷಣ ಬೀಳುತ್ತದೆ, ‘ಬಿ 16’ 48ರಿಂದ 80ರೊಳಗೇ. ಲೈನಿನ ಕೊನೆಯಲ್ಲಿರುವ ತೋಟದ ಮನೆಯಲ್ಲಿ ಶಾರ್ಟ್ ಆದರೂ ಹೆಚ್ಚು ಕರೆಂಟ್ ಬರುವುದಿಲ್ಲ, ಅಲ್ಲಿ ಲೈಟು, ಪ್ಲಗ್‌ಗಳಿಗೆ ಬಿ ವಾಸಿ. ಮೋಟರ್‌ಗೆ ಸಿ ಇರಲಿ. ತದ್ವಿರುದ್ಧ, ಅಪಾರ್ಟ್‌ಮೆಂಟಿನ 250 ಕೆವಿಎ ಟ್ರಾನ್ಸ್‌ಫಾರ್ಮರ್ ಪಕ್ಕದ ಪ್ಯಾನೆಲ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಕರೆಂಟ್ 7 ಸಾವಿರ ಆಂಪ್ಸ್ ಮುಟ್ಟಬಹುದು. ಅಲ್ಲಿ ‘6000’ ಎಂದು ಅಚ್ಚಾದ, ಅಂದರೆ ಅಷ್ಟು ಆಂಪ್ಸ್‌ವರೆಗಷ್ಟೇ ಕಡಿಯಬಲ್ಲ ಎಂಸಿಬಿ ಸಾಲದು, 10000ದ್ದೇ ಬೇಕು.

ಎಂಸಿಬಿ ಪದೇಪದೇ ಬೀಳುತ್ತದೆಂದು ದೊಡ್ಡದು ಹಾಕಿಸುವುದು ನಮ್ಮಲ್ಲಿ ಮಾಮೂಲು. ಈಚೆಗೆ ನೋಡಿದ ಒಂದು ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ, ಓವನ್ ಎರಡೂ ಒಂದೇ 2.5 ಸ್ಕ್ವೇರ್ ಎಂಎಂ ವೈರಿನ ಮೇಲೆ. 16 ತೆಗೆದು 32 ಹಾಕಿದ್ದರು. ಪೈಪಿನಿಂದ ವೈರ್ ಎಳೆದರೆ ಕೆಂಪು ಇನ್ಸುಲೇಷನ್ ಕಂದು ಬಣ್ಣಕ್ಕೆ ತಿರುಗಿ, ಬಗ್ಗಿಸಿದಲ್ಲಿ ಪುಡಿಯಾಗಿ ಉದುರಿತು. ಒಲೆಗೆ 4 ಸ್ಕ್ವೇರ್ ಎಂಎಂ ವೈರ್ ಬೇರೆ ಎಳೆಸಿದೆವು.

ಆರ್‌ಸಿಸಿಬಿ ಪಾಡು ಇನ್ನೂ ಕಷ್ಟ. ಯುಪಿಎಸ್ ಹಾಕಿದ ದಿನದಿಂದ ಬೀಳುತ್ತಿದೆ ಎಂದು ಅದನ್ನು ಬೈಪಾಸ್ ಮಾಡಿಬಿಡುತ್ತಾರೆ. ಬಹುತೇಕ ಕಡೆ ಕಾರಣ ಇಷ್ಟೇ: ಫೇಸ್ ಆರ್‌ಸಿಸಿಬಿ ಮೂಲಕ ಹೋಗಿರುತ್ತದೆ, ಯುಪಿಎಸ್‌ನ ಲೈಟು, ಫ್ಯಾನುಗಳ ನ್ಯೂಟ್ರಲ್ ಮಾತ್ರ ಹೊರಗಿನಿಂದಲೇ ಮೀಟರ್ ಕಡೆ ಸೇರಿರುತ್ತದೆ. ಹೋದದ್ದು, ಬಂದದ್ದು ತಾಳೆಯಾಗುವುದಿಲ್ಲ. ಆ ನ್ಯೂಟ್ರಲ್ ಅನ್ನು ಬೇರ್ಪಡಿಸಿ ಅದೇ ಆರ್‌ಸಿಸಿಬಿ ಕೆಳಗೆ ತರಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಆಮೇಲೆ ಟೆಸ್ಟ್ ಬಟನ್ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ.