ಕ್ಯಾಮರಾನ್‌ಗಿಂತ ಮೊದಲೇ ‘ಟರ್ಮಿನೇಟರ್ 2’ ಬಂದಿತ್ತಾ?

ಪ್ರಶ್ನೆ: ‘ಟರ್ಮಿನೇಟರ್ 2’ ಅನ್ನೋ ಹೆಸರಿನ 1989ರ ಪೋಸ್ಟರ್ ಒಂದನ್ನು ನೋಡಿದೆ. ಅರ್ನಾಲ್ಡ್ ಇಲ್ಲವೇ ಇಲ್ಲ. ಜೇಮ್ಸ್ ಕ್ಯಾಮರಾನ್ ಅವರ ಸಿನಿಮಾ ಬಂದದ್ದು 1991ರಲ್ಲಿ ಅಲ್ವಾ? ಇದು ಯಾರೋ ಸುಮ್ನೆ ಮಾಡಿದ ತಮಾಷೆಯಾ?

ಉತ್ತರ: ತಮಾಷೆ ಅಲ್ಲ, ನಿಜವಾದ ಸಿನಿಮಾ. ಇಟಲಿಯಲ್ಲಿ ತಯಾರಾದದ್ದು. ನಿರ್ದೇಶಕ ಬ್ರೂನೋ ಮಟ್ಟೇಯಿ, ಕಥೆ ಬರೆದವರು ಕ್ಲೌಡಿಯೊ ಫ್ರಗಾಸ್ಸೊ. ಇಂದು ಹೆಚ್ಚಿನವರು ಇದನ್ನು ‘ಶಾಕಿಂಗ್ ಡಾರ್ಕ್’ ಅಂತ ಕರೆಯುತ್ತಾರೆ.

ಇದರಲ್ಲೊಂದು ಮಜಾ ಇದೆ. ಹೆಸರು ಟರ್ಮಿನೇಟರ್‌ದು, ಕಥೆ ಮಾತ್ರ ಕ್ಯಾಮರಾನ್ ಅವರದೇ ಇನ್ನೊಂದು ಸಿನಿಮಾದ್ದು! ವಿಷದಿಂದಾಗಿ ವೆನಿಸ್ ನಗರ ಖಾಲಿಯಾಗಿದೆ. ನೆಲದಡಿಯ ಪ್ರಯೋಗಾಲಯದಲ್ಲಿ ಏನೋ ಎಡವಟ್ಟಾಗಿದೆ. ಬಂದೂಕು ಹಿಡಿದ ಸೈನಿಕರ ತಂಡ ಇಳಿಯುತ್ತದೆ, ಜೊತೆಗೆ ಒಬ್ಬ ಮಹಿಳೆ ಮತ್ತು ಕಂಪನಿಯ ಒಬ್ಬ ಮನುಷ್ಯ. ಒಳಗೆ ರಾಕ್ಷಸ ಜೀವಿಗಳು, ಬದುಕುಳಿದ ಪುಟ್ಟ ಹುಡುಗಿ. 1986ರ ‘ಏಲಿಯನ್ಸ್’ ನೋಡಿದವರಿಗೆ ಮುಂದಿನ ಮಾತು ಬಾಯಿಗೇ ಬರುತ್ತದೆ. ಬಾಹ್ಯಾಕಾಶದ ಬದಲು ಪೈಪುಗಳು ತುಂಬಿದ ನೆಲಮಾಳಿಗೆ, ಅಷ್ಟೇ. ಖರ್ಚು ಕಡಿಮೆ ನೋಡಿ.

ಹಾಗಾದರೆ ಟರ್ಮಿನೇಟರ್ ಎಲ್ಲಿ? ಕೊನೆಯ ಭಾಗದವರೆಗೂ ಕಾಯಬೇಕು. ಆ ಕಂಪನಿಯವನು ಮನುಷ್ಯನೇ ಅಲ್ಲ, ಯಂತ್ರ ಅಂತ ಆಗ ಗೊತ್ತಾಗುತ್ತದೆ. ಟೈಮ್ ಮಷೀನ್ ಹತ್ತಿ ಓಡಿಹೋದವರನ್ನು ಅವನು ಹಳೆಯ ವೆನಿಸ್‌ವರೆಗೂ ಅಟ್ಟಿಸಿಕೊಂಡು ಬರುತ್ತಾನೆ. ನನ್ನ ಕೇಳಿದರೆ ಇಡೀ ಸಿನಿಮಾದಲ್ಲಿ ಚೆನ್ನಾಗಿರುವುದು ಇದೊಂದೇ. ಅಷ್ಟು ಹೊತ್ತು ಕತ್ತಲಲ್ಲಿ ಕೂತ ಕಣ್ಣಿಗೆ ಆ ಊರಿನ ಓಣಿಗಳೇ ದೊಡ್ಡ ಸೆಟ್ ಆಗಿಬಿಡುತ್ತವೆ.

ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ಹಾಗೆ. ಆದರೆ ಇಟಲಿಯವರಿಗೆ ಇದು ಹೊಸ ಚಾಳಿಯಲ್ಲ. ಒಂದು ಸಿನಿಮಾ ಗೆದ್ದರೆ ಅದರ ಬೆನ್ನಿಗೇ ಅದೇ ಜಾತಿಯ ಸಾಲು ಸಾಲು ಸಿನಿಮಾ. ಅಂಥ ಸಾಲಿಗೆ ಅವರು ‘ಫಿಲೋನೆ’ ಅನ್ನುತ್ತಾರೆ. 1966ರ ‘ಜಾಂಗೋ’ ಗೆದ್ದದ್ದೇ ತಡ, ಆ ಹೆಸರಿಟ್ಟುಕೊಂಡು ಹತ್ತಾರು ಕೌಬಾಯ್ ಸಿನಿಮಾಗಳು ಬಂದವು. ಜಾರ್ಜ್ ರೊಮೆರೊ ಅವರ ‘ಡಾನ್ ಆಫ್ ದ ಡೆಡ್’ ಇಟಲಿಯಲ್ಲಿ ‘ಝೋಂಬಿ’ ಅಂತ ತೆರೆಕಂಡಿತು. 1979ರಲ್ಲಿ ಲೂಚಿಯೊ ಫುಲ್ಚಿ ‘ಝೋಂಬಿ 2’ ತಂದರು. ಎರಡಕ್ಕೂ ಕಥೆಯ ನಂಟೇ ಇಲ್ಲ. ‘ಏಲಿಯನ್ 2’ ಅಂತಲೂ 1980ರಲ್ಲೇ ಒಂದು ಬಂತು, ಹಾಲಿವುಡ್‌ನ ಎರಡನೇ ಭಾಗವಾದ ‘ಏಲಿಯನ್ಸ್’ಗಿಂತ ಆರು ವರ್ಷ ಮೊದಲು!

ಮಟ್ಟೇಯಿ, ಫ್ರಗಾಸ್ಸೊ ಜೋಡಿಯಂತೂ ಇದರಲ್ಲಿ ಪಳಗಿದ ಕೈ. 1988ರ ಅವರ ‘ರೋಬೋವಾರ್’ ನೋಡಿ. ಹೆಸರಲ್ಲಿ ಹಾಲಿವುಡ್‌ನ ‘ರೋಬೋಕಾಪ್’ ವಾಸನೆ, ಒಳಗೆ ಪೂರ್ತಿ ಅಲ್ಲಿಯದೇ ‘ಪ್ರಿಡೇಟರ್’ ಸಿನಿಮಾದ ಕಥೆ.

ನಿಜವಾದ ‘ಟರ್ಮಿನೇಟರ್ 2’ಗೆ ಸುಮಾರು 10 ಕೋಟಿ ಡಾಲರ್ ಖರ್ಚಾಯಿತು. ಅದನ್ನು ತಲೆಯಲ್ಲಿಟ್ಟುಕೊಂಡು ಇದನ್ನು ನೋಡಬೇಡಿ. ಗೆಳೆಯರನ್ನು ಕೂರಿಸಿಕೊಂಡು, ‘ಏಲಿಯನ್ಸ್’ನ ಯಾವ ಸೀನು ಎಲ್ಲಿ ಬಂತು ಅಂತ ಪಂದ್ಯ ಕಟ್ಟಿ ನೋಡಿ. ಒಂದೂವರೆ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.